ಎಲ್ಲಿ ನಿಂತು ಕೇಳ್ತೀಯ ಹೇಳು

ಊರವರೇ ಬರೆದು, ಊರವರೇ ತಿದ್ದುವ ಲೋಕದ ನಕ್ಷೆ ‘ಓಪನ್‌ಸ್ಟ್ರೀಟ್‌ಮ್ಯಾಪ್’. ಬಿಡುವಿನ ಒಂದು ಹವ್ಯಾಸ ಹುಟ್ಟೂರನ್ನೇ ಹೊಸದಾಗಿ ಪರಿಚಯಿಸುವ ಬಗೆ ಇದು.

ಮನೆಯ ಹಿಂದಿನ ಹಳ್ಳದಲ್ಲಿ ಈಜು ಕಲಿತವನು ನಾನು. ಅದಕ್ಕೊಂದು ಹೆಸರಿದ್ದೀತು ಎಂದು ನಲವತ್ತು ವರ್ಷ ಯೋಚಿಸಿಯೇ ಇರಲಿಲ್ಲ. ಮನೆಮಂದಿಗೆಲ್ಲ ಅದು ಬರೀ ‘ಹಳ್ಳ’. ಒಂದು ಮಳೆಗಾಲದ ರಾತ್ರಿ ಕಂಪ್ಯೂಟರಿನ ಮುಂದೆ ಕೂತು, ಉಪಗ್ರಹ ಚಿತ್ರದ ಮೇಲೆ ಒಂದೊಂದೇ ಬಿಂದು ಇಡುತ್ತಾ ಅದರ ಜಾಡಿನಲ್ಲಿ ಗೆರೆ ಎಳೆದೆ. ಗೆರೆ ಮುಗಿದದ್ದೇ ಪಕ್ಕದಲ್ಲಿ ಖಾಲಿ ಚೌಕಗಳು ತೆರೆದುಕೊಂಡವು. ಹೆಸರೇನು? ವರ್ಷವಿಡೀ ನೀರಿರುತ್ತದೆಯೋ, ಬೇಸಿಗೆಯಲ್ಲಿ ಬತ್ತುತ್ತದೆಯೋ? ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಬೆಳಿಗ್ಗೆ ಊರಿನಲ್ಲಿರುವ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೆ ಎಂಬತ್ತು ದಾಟಿದೆ. “ಅದಕ್ಕೆ ಒಂದೇ ಹೆಸರಾ ಮಾರಾಯ? ಎಲ್ಲಿ ನಿಂತು ಕೇಳ್ತೀಯ ಹೇಳು” ಎಂದರು. ಕಾಡಿನೊಳಗೆ ಅದು ಬಸರಿಹಳ್ಳ. ಗದ್ದೆಬಯಲಿಗೆ ಇಳಿದ ಮೇಲೆ ದೇವರಹಳ್ಳ. ಹೊಳೆ ಸೇರುವ ಮೊದಲು ಸಿಗುವ ಆಳದ ಮಡು ಎಮ್ಮೆಗುಂಡಿ. ನಾನು ಈಜು ಕಲಿತದ್ದು ಎಮ್ಮೆಗುಂಡಿಯಲ್ಲಿ ಎಂದು ಅವತ್ತು ಗೊತ್ತಾಯಿತು. ಬೇಸಿಗೆಯಲ್ಲಿ ಬಸರಿಹಳ್ಳ ಬತ್ತಿದರೂ ಗುಂಡಿಯಲ್ಲಿ ನೀರು ನಿಲ್ಲುತ್ತದೆಂದೂ ಹೇಳಿದರು. ಈ ನಕ್ಷೆಯ ಹುಚ್ಚು ನನಗೆ ಹಿಡಿದದ್ದು ಆ ಬೆಳಿಗ್ಗೆ.

ಸೈಕಲ್ಲಿನ ಮೇಲೆ ಹುಟ್ಟಿದ ನಕ್ಷೆ

ಓಪನ್‌ಸ್ಟ್ರೀಟ್‌ಮ್ಯಾಪ್ ಹುಟ್ಟಿದ್ದು 2004ರಲ್ಲಿ, ಬ್ರಿಟನ್ನಿನಲ್ಲಿ. ಅಲ್ಲಿನ ಸರ್ಕಾರಿ ಸರ್ವೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳು ಬಲು ನಿಖರ. ಆದರೆ ಅವುಗಳ ಮಾಹಿತಿಯನ್ನು ಬಳಸಲು ಹಣ ತೆರಬೇಕಿತ್ತು, ಷರತ್ತುಗಳಿಗೆ ಒಪ್ಪಬೇಕಿತ್ತು. ಆಗ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕೋಸ್ಟ್‌ಗೆ ಒಂದು ಯೋಚನೆ ಹೊಳೆಯಿತು: ಪ್ರತಿಯೊಬ್ಬರೂ ಜಿಪಿಎಸ್ ಉಪಕರಣ ಹಿಡಿದು ತಾವು ಓಡಾಡುವ ಬೀದಿಯನ್ನು ದಾಖಲಿಸಿ ಒಂದೆಡೆ ಸೇರಿಸಿದರೆ ದೇಶದ ನಕ್ಷೆಯೇ ಆಗುವುದಿಲ್ಲವೇ? ಜನರೇ ಸೇರಿ ವಿಶ್ವಕೋಶ ಬರೆಯಬಹುದೆಂದು ವಿಕಿಪೀಡಿಯ 2001ರಿಂದಲೇ ತೋರಿಸತೊಡಗಿತ್ತು.

ಮೊದಲ ವರ್ಷಗಳಲ್ಲಿ ಹವ್ಯಾಸಿಗಳು ಸೈಕಲ್ ತುಳಿದು, ಬೀದಿಯ ಹೆಸರನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಬಂದು, ರಾತ್ರಿ ಕೂತು ಗೆರೆ ಎಳೆದರು. 2006ರಲ್ಲಿ ಯಾಹೂ, 2010ರಲ್ಲಿ ಮೈಕ್ರೋಸಾಫ್ಟ್‌ನ ಬಿಂಗ್ ತಮ್ಮ ವೈಮಾನಿಕ ಚಿತ್ರಗಳ ಮೇಲೆ ಗೆರೆ ಎಳೆಯಲು ಅನುಮತಿ ಕೊಟ್ಟ ಮೇಲೆ ಮನೆಯಲ್ಲೇ ಕೂತು ಬರೆಯುವುದೂ ಸಾಧ್ಯವಾಯಿತು. ಇವತ್ತು ಇಲ್ಲಿ ಖಾತೆ ತೆರೆದವರ ಸಂಖ್ಯೆ ಒಂದು ಕೋಟಿ ದಾಟಿದೆ. ವಿಕಿಪೀಡಿಯದ ಪುಟಗಳಲ್ಲಿ ಕಾಣುವ ನಕ್ಷೆಗಳೂ, ಇಂಟರ್‌ನೆಟ್ ಇಲ್ಲದೆಡೆ ದಾರಿ ತೋರಿಸುವ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್ ಆ್ಯಪ್‌ಗಳೂ ಈ ಜನರ ಕೆಲಸದ ಮೇಲೆಯೇ ನಿಂತಿವೆ. ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದು. ಮೂಲವನ್ನು ಹೆಸರಿಸಬೇಕು, ಆ ಮಾಹಿತಿಯನ್ನು ಬೆಳೆಸಿ ಹಂಚಿದರೆ ಅದನ್ನೂ ಹಾಗೇ ಮುಕ್ತವಾಗಿಡಬೇಕು.

ಚೆಕ್ಕುಬಂದಿಯ ನಾಡು

ನಮ್ಮ ನೆಲದಲ್ಲಿ ಅಳತೆಯ ನಕ್ಷೆ ಬಹುಕಾಲ ಆಳುವವರ ಕೈಯಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಬ್ರಿಟಿಷ್ ಸೇನಾಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಹೊರಟ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿಸಿ ಆಧಾರರೇಖೆ ಅಳೆದ. ಗೆದ್ದ ನಾಡನ್ನು ಆಳಲು ನಕ್ಷೆ ಬೇಕಿತ್ತು.

ಊರಿನವರ ನಕ್ಷೆ ಮಾತ್ರ ಮಾತಿನಲ್ಲೇ ಇತ್ತು. ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವ ಶಾಸನಗಳಲ್ಲಿ ಮರ, ಬಂಡೆ, ಹುತ್ತ, ಕೆರೆಯ ಕೋಡಿಗಳೇ ಗುರುತುಗಳು. ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಹಳೆಯ ಕ್ರಯಪತ್ರ ತೆರೆದರೂ ಚೆಕ್ಕುಬಂದಿ ಸಿಗುತ್ತದೆ: ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ. ಅತ್ತೆಯ ಮಾತೂ ಅದೇ ಬಗೆಯದು. ನಿಂತ ಜಾಗ ತಿಳಿಯದೆ ಅವರು ಹೆಸರು ಹೇಳುವವರಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ನನಗೆ ಹತ್ತಿರವಾದದ್ದು ಈ ಮಾತಿನ ನಕ್ಷೆಗೆ ಅದರಲ್ಲಿ ಜಾಗವಿರುವುದರಿಂದ. ನಮ್ಮ ದೇಶದಲ್ಲಿ ನಕ್ಷೆ ತಯಾರಿಕೆಯ ಮೇಲಿದ್ದ ಬಿಗಿ ನಿಯಮಗಳನ್ನು ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಬಹಳಷ್ಟು ಸಡಿಲಿಸಿತು. ಅದಕ್ಕೂ ಮೊದಲೇ, 2018ರ ನವೆಂಬರಿನಲ್ಲಿ, ಈ ನಕ್ಷೆಯ ಏಷ್ಯಾ ಮಟ್ಟದ ಸಮಾವೇಶ ಬೆಂಗಳೂರಿನಲ್ಲಿ ನಡೆದಿತ್ತು.

ಬಿಂದು, ಗೆರೆ, ಸಂಬಂಧ

ಇದರ ವ್ಯಾಕರಣ ಸರಳ. ಬಾವಿ ಒಂದು ಬಿಂದು. ರಸ್ತೆ ಒಂದು ಗೆರೆ. ಗೆರೆಯ ತುದಿಗಳು ಕೂಡಿದರೆ ಕೆರೆ, ಮನೆ, ಆಟದ ಮೈದಾನ. ಹಲವು ಗೆರೆಗಳನ್ನು ಪೋಣಿಸುವ ‘ಸಂಬಂಧ’ದಿಂದ ಒಂದು ಬಸ್ಸಿನ ಇಡೀ ಮಾರ್ಗವನ್ನು ಹೇಳಬಹುದು. ಪ್ರತಿಯೊಂದಕ್ಕೂ ಟ್ಯಾಗ್ ಎಂಬ ಚೀಟಿ ಅಂಟಿಸುತ್ತೇವೆ: ಇದು ಕುಡಿಯುವ ನೀರು, ಇದು ಮಣ್ಣಿನ ರಸ್ತೆ, ಇದಕ್ಕೆ ಕನ್ನಡದಲ್ಲಿ ಹೆಸರು ಇಂಥದ್ದು. ನಮ್ಮ ಹಳ್ಳವನ್ನು ಎರಡು ಕಡೆ ತುಂಡರಿಸಿ, ಪ್ರತಿ ತುಂಡಿಗೂ ಅದರದೇ ಹೆಸರು ಬರೆದೆ. ನೀರು ಒಂದೇ, ಹೆಸರು ಮೂರು. ನಕ್ಷೆ ತಕರಾರಿಲ್ಲದೆ ಒಪ್ಪಿಕೊಂಡಿತು.

ಹೆಸರನ್ನು ಕನ್ನಡದಲ್ಲೇ ಬರೆಯುವುದು ಬರೀ ಅಭಿಮಾನದ ಮಾತಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಲ-ಳ, ತ-ಟ, ನ-ಣಗಳ ಭೇದ ಅಳಿಸಿಹೋಗುತ್ತದೆ. ಊರನ್ನು ಅರಿಯದವನು ಅದನ್ನು ಓದಿದರೆ ‘ಹಳ್ಳಿ’ ಹೋಗಿ ‘ಹಲ್ಲಿ’ ಆಗುತ್ತದೆ. ಹಳ್ಳ, ಕಟ್ಟೆ, ದಿಬ್ಬಗಳ ಹೆಸರು ಬೋರ್ಡಿನ ಮೇಲೆಲ್ಲೂ ಇರುವುದಿಲ್ಲ, ಹಿರಿಯರ ನಾಲಗೆಯ ಮೇಲಿರುತ್ತವೆ. ಅವರೊಡನೆಯೇ ಹೋಗಿಬಿಡುತ್ತವೆ.

ನಿಯಮಗಳೂ ಇವೆ. ನೆಲದ ಮೇಲೆ ಏನಿದೆಯೋ ಅದನ್ನೇ ಬರೆಯಬೇಕು. ಬೇರೆ ಕಂಪನಿಗಳ ನಕ್ಷೆಯಿಂದ ನಕಲು ಮಾಡಬಾರದು. ಮನೆಯಲ್ಲಿರುವವರ ಹೆಸರು ಹಾಕಬಾರದು. ಪ್ರತಿ ತಿದ್ದುಪಡಿಯೂ ಮಾಡಿದವರ ಖಾತೆಯ ಹೆಸರಿನೊಂದಿಗೆ ಇತಿಹಾಸದಲ್ಲಿ ಉಳಿಯುತ್ತದೆ, ತಪ್ಪಾದರೆ ಹಿಂದಿನ ಸ್ಥಿತಿಗೆ ತರಬಹುದು. ಶುರುವಿನಲ್ಲಿ ನಾನು ನಮ್ಮೂರಿನ ಅಡಿಕೆ ತೋಟಗಳನ್ನೆಲ್ಲ ಕಾಡು ಎಂದು ಬರೆದಿದ್ದೆ. ಮೇಲಿನಿಂದ ನೋಡಿದರೆ ಎರಡೂ ಹಸಿರೇ. ವಾರದೊಳಗೆ ಗುರುತಿಲ್ಲದ ಹಿರಿಯ ಹವ್ಯಾಸಿಯೊಬ್ಬರು, ಗಿಡಗಳು ಸಾಲಾಗಿ ಕಾಣುತ್ತಿವೆ, ತೋಟವಿರಬಹುದೇ ಎಂದು ಕೇಳಿ ಬರೆದರು. ತಿದ್ದಿದೆ. ಹೀಗೆ ನಯವಾಗಿ ಕೇಳಿ ಕಲಿಸುವವರು ಇಲ್ಲಿ ಬಹಳ ಮಂದಿ.

ಚಿತ್ರದಲ್ಲಿ ಕಾಣದ ಸಂಕ

ಮಲೆನಾಡಿನಲ್ಲಿ ಉಪಗ್ರಹ ಚಿತ್ರ ನಂಬಿ ಕೂತರೆ ಅರ್ಧ ಊರು ಸಿಗುವುದಿಲ್ಲ. ಮರಗಳ ಕೆಳಗೆ ಕಾಲುದಾರಿ ಕಾಣದು, ಕಾಲುಸಂಕ ಮೊದಲೇ ಕಾಣದು. ಮಳೆ ಹಿಡಿಯುವ ಮೊದಲು ಅಡಿಕೆ ದಬ್ಬೆಯನ್ನೋ ಮರದ ದಿಮ್ಮಿಯನ್ನೋ ಹಾಸಿ ಕಟ್ಟುವ ಆ ಸಂಕದ ಮೇಲೆಯೇ ಮಕ್ಕಳು ಶಾಲೆಗೆ ಹೋಗಬೇಕು. ಒಮ್ಮೆ ಫೋನಿನ ನಕ್ಷೆ ನಂಬಿ ಬಂದ ಕಾರೊಂದು ರಾತ್ರಿ ಮಳೆಯಲ್ಲಿ ದೇವರಹಳ್ಳದ ಸಂಕದ ತುದಿಗೆ ಬಂದು ನಿಂತಿತ್ತು. ಮರುದಿನವೇ ನಡೆದು ಹೋಗಿ, ಫೋನಿನಲ್ಲಿ ಜಾಡು ದಾಖಲಿಸಿ, ಅಲ್ಲಿಂದಾಚೆ ನಡೆಯುವವರಿಗೆ ಮಾತ್ರ ಎಂದು ಬರೆದೆ. ಮಳೆಗಾಲದ ಸಂಕ ಎಂದೂ ಸೇರಿಸಿದೆ.

ಇಂಥ ಒಂದು ಗೆರೆಗೆ ಎಷ್ಟು ಬೆಲೆಯಿದೆ ಎಂದು ಲೋಕ ಕಂಡದ್ದು 2010ರ ಜನವರಿ 12ರ ಹೈಟಿ ಭೂಕಂಪದಲ್ಲಿ. ಪೋರ್ಟ್-ಓ-ಪ್ರಿನ್ಸ್ ನಗರಕ್ಕೆ ವಿವರವಾದ ಮುಕ್ತ ನಕ್ಷೆಯೇ ಇರಲಿಲ್ಲ. ಹೊಸ ಉಪಗ್ರಹ ಚಿತ್ರಗಳು ಸಿಕ್ಕ ಕೂಡಲೇ ನಾನಾ ದೇಶಗಳ ನೂರಾರು ಮಂದಿ ಮನೆಯಲ್ಲೇ ಕೂತು ಕೆಲವೇ ದಿನಗಳಲ್ಲಿ ಬೀದಿಬೀದಿಯನ್ನು ಬರೆದರು. ರಕ್ಷಣಾ ತಂಡಗಳು ಅದನ್ನೇ ಜಿಪಿಎಸ್ ಉಪಕರಣಗಳಿಗೆ ತುಂಬಿಕೊಂಡು ಓಡಾಡಿದವು. ನೇಪಾಳದ ಕತೆ ಇನ್ನೂ ದೊಡ್ಡ ಪಾಠ. 2015ರ ಏಪ್ರಿಲ್ 25ರಂದು ಭೂಮಿ ನಡುಗುವ ಮೊದಲೇ ಕಾಠ್ಮಂಡುವಿನ ಯುವಜನರು ತಮ್ಮ ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ನಡೆದಾಡಿ ಗುರುತಿಸಿದ್ದರು. ಹೊರಗಿನವರು ಗೆರೆ ಎಳೆದು ಕೊಡಬಲ್ಲರು. ಆ ಕಟ್ಟಡ ಆಸ್ಪತ್ರೆಯೋ ಗೋದಾಮೋ ಎಂದು ಊರವರೇ ಹೇಳಬೇಕು.

ಶುರು ಮಾಡುವುದು ಹೇಗೆ?

ಖಾತೆಯೊಂದನ್ನು ತೆರೆಯಿರಿ, ಖರ್ಚಿಲ್ಲ. ಬ್ರೌಸರಿನಲ್ಲೇ ತೆರೆಯುವ ‘ಐಡಿ’ ಎಂಬ ಸಂಪಾದಕ ಹೊಸಬರಿಗೆ ಹೆಜ್ಜೆ ಹೆಜ್ಜೆಗೂ ಪಾಠ ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ‘ಸ್ಟ್ರೀಟ್‌ಕಂಪ್ಲೀಟ್’ ಇನ್ನೂ ಸುಲಭ: ನಿಂತ ಜಾಗದ ಸುತ್ತ ಪುಟ್ಟ ಪ್ರಶ್ನೆಗಳನ್ನು ಇಡುತ್ತದೆ. ಈ ರಸ್ತೆ ಡಾಂಬರಿನದೋ ಮಣ್ಣಿನದೋ? ಈ ಬಸ್ ನಿಲ್ದಾಣಕ್ಕೆ ಸೂರು ಇದೆಯೇ? ಬಸ್ಸಿಗೆ ಕಾಯುವಾಗಲೇ ಉತ್ತರಿಸಬಹುದು. ಇಡೀ ತಾಲ್ಲೂಕನ್ನು ತುಂಬುವ ಆಸೆ ಬೇಡ, ನಿಮ್ಮ ಬೀದಿಯಿಂದ ಶುರುವಾಗಲಿ. ಉಳಿಸುವಾಗ ಏನು ಬದಲಿಸಿದಿರಿ ಎಂದು ಒಂದು ಸಾಲು ಬರೆಯಿರಿ. ಇನ್ನೊಂದು ಕೆರೆ ಮುಗಿಸಿ ಮಲಗುತ್ತೇನೆ ಎಂದುಕೊಂಡು ನಡುರಾತ್ರಿ ದಾಟಿಸುವ ದಿನ ತಾನಾಗಿ ಬರುತ್ತದೆ. ಆದರೆ ಪರದೆಯ ಮುಂದೆ ಕೂತಷ್ಟೇ ಹೊತ್ತು ಹೊರಗೂ ನಡೆಯಿರಿ, ಸಿಕ್ಕವರನ್ನು ಮಾತಾಡಿಸಿ. ಹೆಸರು ಸಿಗುವುದು ಅಲ್ಲೇ.

ಮೊನ್ನೆ ಅತ್ತೆಯೇ ಫೋನ್ ಮಾಡಿದ್ದರು. ಗುಡ್ಡದ ನೆತ್ತಿಯ ಬಂಡೆಗೆ ತಮ್ಮ ಅಜ್ಜಿ ಏನೆಂದು ಕರೆಯುತ್ತಿದ್ದರೆಂಬುದು ರಾತ್ರಿ ನಿದ್ದೆಯ ನಡುವೆ ನೆನಪಾಯಿತಂತೆ. “ಬರ್ಕೊ ಮಾರಾಯ, ಮತ್ತೆ ಮರೆತು ಹೋಗ್ತದೆ” ಎಂದರು. ಬರೆದುಕೊಂಡೆ. ಮಳೆ ಬಿಟ್ಟ ಮೇಲೆ ಗುಡ್ಡ ಹತ್ತಿ, ಬಂಡೆಯ ಪಕ್ಕ ನಿಂತು, ಬಿಂದು ಇಡಬೇಕು.