ಪಿಕಳಾರದ ಕಣ್ಣು

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕನಕಾಚಲಪತಿ ಗುಡಿಯ ಕೆತ್ತನೆ ಕಂಡವರು ಇದನ್ನು ಒಪ್ಪುತ್ತಾರೆ. ನಾನು ಮಾತ್ರ ಅದೇ ಊರಲ್ಲಿ ಕಣ್ಣಿದ್ದೂ ಸೋತೆ.

ನನ್ನ 400 ಎಂ.ಎಂ. ಟೆಲಿಫೋಟೊ ಲೆನ್ಸಿಗೆ ಹೊಸದಾಗಿ 1.4 ಪಟ್ಟಿನ ಟೆಲಿಕನ್ವರ್ಟರ್ ಕೊಂಡಿದ್ದೆ. ಊರ ಹೊರಗಿನ ಜಾಲಿಗಿಡದಲ್ಲಿ ಕೂತ ಪಿಕಳಾರವನ್ನು ಮಧ್ಯಾಹ್ನದ ಬಿಸಿಲಲ್ಲಿ ನಲವತ್ತು ಸಲ ಕ್ಲಿಕ್ಕಿಸಿದೆ. ಮನೆಗೆ ಬಂದು ತೋರಿಸಿದರೆ ಅಕ್ಕನ ಮಗಳು, “ಮಾಮಾ, ಎಲ್ಲಾ ಮಸುಕಾಗ್ಯಾವಲ್ಲ!” ಎಂದಳು.

ತಪ್ಪು ಲೆನ್ಸಿನದಲ್ಲ, ನನ್ನದು. ಕನ್ವರ್ಟರ್ ಹಕ್ಕಿಯ ಜೊತೆಗೆ ಕೈಯ ನಡುಕವನ್ನೂ ದೊಡ್ಡದು ಮಾಡುತ್ತದೆ. 400 ಎಂ.ಎಂ. ಲೆನ್ಸ್ 560 ಆಗುತ್ತದೆ. ಆದರೆ ಒಳಬರುವ ಬೆಳಕು ಅರ್ಧಕ್ಕಿಳಿದು, ಎಫ್ 5.6 ಇದ್ದದ್ದು ಎಫ್ 8 ಆಗುತ್ತದೆ. ಫೋಕಸ್ ಕೂಡ ನಿಧಾನ. ಇದರ ಮೇಲೆ ಕಾದ ಬಂಡೆಗಳಿಂದ ಏಳುವ ಬಿಸಿಗಾಳಿ ದೃಶ್ಯವನ್ನೇ ನಡುಗಿಸುತ್ತದೆ. ಅದಕ್ಕೆ ಎಷ್ಟು ಬೆಲೆಯ ಲೆನ್ಸಿದ್ದರೂ ಮದ್ದಿಲ್ಲ.

ಮುಂದಿನ ಸಲ ಗಂಗಾವತಿ ದಾಟಿ ಆನೆಗುಂದಿಯ ಬಂಡೆಗುಡ್ಡಗಳಿಗೆ ಇಬ್ಬರೂ ಹೊರಟೆವು. ಅಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ಬೂದು ಮೈ, ಹಳದಿ ತಲೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಕಾಡು ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಿಗದ ಹಾಡುಹಕ್ಕಿ. ಕಲ್ಲು ಗಣಿಗಾರಿಕೆಯಿಂದ ಅದರ ನೆಲೆಗೆ ಕುತ್ತು ಬಂದಿದೆ.

ಸೂರ್ಯ ಮೂಡುವ ಹೊತ್ತಿಗೇ ಕೂತೆವು. ಬಟ್ಟೆಚೀಲಕ್ಕೆ ಜೋಳ ತುಂಬಿ ಬಂಡೆಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಊರಿದೆ. ಶಟರ್ 1/1000 ಸೆಕೆಂಡ್, ಐಎಸ್‌ಒ 1600. ಚಿತ್ರ ಕಾಳುಕಾಳಾದರೆ ಆಮೇಲೆ ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು. ಒಂದೇ ಫೋಕಸ್ ಬಿಂದುವನ್ನು ಆರಿಸಿಕೊಂಡೆ. ಅದು ನಿಲ್ಲಬೇಕಾದದ್ದು ಹಕ್ಕಿಯ ಕಣ್ಣಿನ ಮೇಲೆ.

ಹಕ್ಕಿ ಬಂತು. ಕೊಕ್ಕಿನಲ್ಲಿ ಹುಳು. ನುಂಗಲಿಲ್ಲ, ಪೊದೆಯೊಳಗೂ ಹೋಗಲಿಲ್ಲ. ರೆಂಬೆಯಿಂದ ರೆಂಬೆಗೆ ಹಾರುತ್ತಾ ಕೂಗತೊಡಗಿತು. ಇನ್ನೂ ಹತ್ತು ಹೆಜ್ಜೆ ಹೋದರೆ ಎಂಥ ಚಿತ್ರ ಎಂದು ನಾನು ಎದ್ದೆ. ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ತಡೆದರು: “ಸರ, ಅದರ ಮರಿ ಪೊದ್ಯಾಗ ಇರಬೇಕ್ರಿ. ನೀವು ಇಲ್ಲೇ ಕುಂತ್ರ ಅದು ಉಣಸೂದಿಲ್ಲ.”

ಅಕ್ಕನ ಮಗಳು ಆಗಲೇ ನನ್ನ ಅಂಗಿ ಹಿಡಿದೆಳೆಯುತ್ತಿದ್ದಳು. ಚೀಲ ಎತ್ತಿಕೊಂಡು ಬಹಳ ಹಿಂದೆ, ಇನ್ನೊಂದು ಬಂಡೆಯ ಮರೆಗೆ ಸರಿದೆವು. ಸ್ವಲ್ಪ ಹೊತ್ತಿಗೆ ಹಕ್ಕಿ ಪೊದೆಯೊಳಗೆ ಹೊಕ್ಕು, ಬರಿಗೊಕ್ಕಿನಲ್ಲಿ ಹೊರಬಂದು, ಬಂಡೆಯ ತುದಿಯಲ್ಲಿ ಕೂತಿತು. ಉಸಿರು ಬಿಗಿಹಿಡಿದು ಐದಾರು ಚಿತ್ರ ತೆಗೆದೆ. ಬಿಸಿಲೇರುವ ಮೊದಲೇ ಎದ್ದು ಬಂದೆವು.

ಆ ಚಿತ್ರದಲ್ಲಿ ಹಕ್ಕಿ ಚಿಕ್ಕದು, ಸುತ್ತಲೂ ಬಂಡೆಯೇ ಹೆಚ್ಚು. ಆದರೆ ಕಣ್ಣು ಸ್ಪಷ್ಟ. ಅದರಲ್ಲಿ ಬೆಳಗಿನ ಬೆಳಕಿನ ಒಂದು ಚುಕ್ಕಿ. ಕನ್ವರ್ಟರ್ ಇರುವುದು ಹಕ್ಕಿಯ ಹತ್ತಿರ ಹೋಗಲಿಕ್ಕೆ ಎಂದುಕೊಂಡಿದ್ದೆ. ಅದಿರುವುದು ದೂರ ನಿಲ್ಲಲಿಕ್ಕೆ.

ನೀವೂ ಕ್ಯಾಮೆರಾ ಹಿಡಿದು ಹೊರಟರೆ ಗೂಡಿನ ಬಳಿ ಹೋಗಬೇಡಿ, ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯಬೇಡಿ. ಒಂದು ಚೀಲ ಜೋಳ ಮಾತ್ರ ಮರೆಯಬೇಡಿ.