ದಂಟಿನ ಉದ್ದಕ್ಕೇ ದರ: ಮನೆ ಹತ್ತಿರದ ಪಾಲಿಹೌಸ್‌ನಲ್ಲಿ ಗುಲಾಬಿ

ಜತ್ತ: ದ್ರಾಕ್ಷಿ, ದಾಳಿಂಬೆ ಬೆಳೆಯುವ ಜತ್ತ, ಅಕ್ಕಲಕೋಟ ಭಾಗದಲ್ಲಿ ಉದ್ದ ದಂಟಿನ ಡಚ್ ಗುಲಾಬಿ ಹಾಕುವವರು ಮೊದಲು ಗೆಲ್ಲಬೇಕಾದ್ದು ಇಲ್ಲಿನ ಬಿಸಿಲನ್ನು. ಈ ಹೂವಿಗೆ ಹಗಲು 24ರಿಂದ 28, ರಾತ್ರಿ 15ರಿಂದ 18 ಡಿಗ್ರಿ ಹಿತ. ಸೊಲ್ಲಾಪುರ ಸೀಮೆಯ ಬೇಸಿಗೆ 40 ದಾಟುತ್ತದೆ. ಸೆಕೆ ಹೆಚ್ಚಿದರೆ ದಂಟು ಗಿಡ್ಡ, ಮೊಗ್ಗು ಸಣ್ಣ. ಪ್ಯಾಟ್ಯಾಗ ದರ ಕಟ್ಟೋದೇ ದಂಟಿನ ಉದ್ದ ನೋಡಿ.

ಹತ್ತು ಗುಂಟೆ ಪಾಲಿಹೌಸ್‌ನಲ್ಲಿ ಸುಮಾರು 6ರಿಂದ 7 ಸಾವಿರ ಸಸಿ ಹಿಡಿಯುತ್ತವೆ. ಏರುಮಡಿ, ಡ್ರಿಪ್, ನೆರಳು ಪರದೆ, ಫಾಗರ್ ಬೇಕೇ ಬೇಕು. ಬೋರ್ ನೀರು ಸವಳಾದರೆ ಎಲೆಯಂಚು ಸುಡುತ್ತದೆ. ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮುಂಚೆ ಮಣ್ಣು, ನೀರಿನ ಪರೀಕ್ಷೆ ಆಗಲೇಬೇಕು. ಸರ್ಕಾರದ ಅನುದಾನ ಇದ್ದರೂ ಹಣ ಮೊದಲು ರೈತನೇ ಹಾಕಬೇಕು.

ಎಳೆ ಸಸಿಯ ಮೊದಲ ಕೊಂಬೆಗಳನ್ನು ಕತ್ತರಿಸದೆ ಬದಿಗೆ ಬಾಗಿಸುವುದು ಮುಖ್ಯ ಕೆಲಸ. ಆ ಎಲೆಗಳೇ ಗಿಡಕ್ಕೆ ಆಹಾರ ಕೊಡುತ್ತವೆ. ಬುಡದಿಂದ ದಪ್ಪನೆಯ ನೆಟ್ಟನೆ ದಂಟು ಏಳುತ್ತದೆ. ಕೆಂಪು ನುಸಿ, ಬೂದಿ ರೋಗದ ಮೇಲೆ ದಿನಾ ಕಣ್ಣಿರಬೇಕು. ಹೂ ಕೊಯ್ಯುವುದು ನಸುಕಿನಲ್ಲಿ; ಕೊಯ್ದ ಕೂಡಲೇ ದಂಟು ನೀರಿನ ಬಕೆಟ್ ಸೇರಬೇಕು. ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಇದರ ತರಬೇತಿ ಸಿಗುತ್ತದೆ.

ಫೆಬ್ರವರಿ 14ರ ದರ ಹಿಡಿಯಲು ಡಿಸೆಂಬರ್ ಮೂರನೇ ವಾರ ಗಿಡ ಕತ್ತರಿಸಬೇಕು. ಹೂವಿಗೆ 45ರಿಂದ 50 ದಿನ ಬೇಕು. ಆದರೆ ಅದೇ ವಾರ ಮಾವಳ, ಹೊಸೂರಿನ ಹೂವೂ ಮಾರುಕಟ್ಟೆಗೆ ಬರುತ್ತದೆ. ಒಂದು ದಿನದ ದರ ನಂಬಿದರೆ ಸಾಲದ ಕಂತು ಮುಟ್ಟೋದಿಲ್ಲ. ಮದುವೆ ಮಂಟಪ, ಹೂವಿನಂಗಡಿಗಳ ಕಾಯಂ ಗಿರಾಕಿ ಮೊದಲೇ ಗೊತ್ತು ಮಾಡಿಕೊಂಡವರಿಗೇ ಈ ಬೆಳೆ.