ದಾರುಣಕವೂ ತಲೆಯ ಹೊಟ್ಟೂ

1. ಪದವಿಚಾರ

ಧಾನ್ಯವನ್ನು ಕುಟ್ಟಿ ಕೇರುವಾಗ ಮೊರದಿಂದ ಹಾರಿಹೋಗುವ ಹಗುರವಾದ ಸಿಪ್ಪೆಗೆ ಕನ್ನಡದಲ್ಲಿ ಹೊಟ್ಟು ಎಂದು ಹೆಸರು. ನೆತ್ತಿಯ ಚರ್ಮದಿಂದ ಬಿಡಿಬಿಡಿಯಾಗಿ ಕಳಚಿ ಕೂದಲಲ್ಲಿಯೂ ಹೆಗಲಿನ ಮೇಲೆಯೂ ಉದುರುವ ಬಿಳಿಯ ಚಕ್ಕೆಗಳನ್ನು ಕಂಡ ಜನರು ಅದೇ ಹೆಸರನ್ನು ಅವಕ್ಕೂ ಕೊಟ್ಟು ತಲೆಹೊಟ್ಟು ಎಂದರು. ಪಕಾರಕ್ಕೆ ಹಕಾರವು ಬರುವ ಪ್ರಸಿದ್ಧನಿಯಮದಂತೆ ಇದರ ಪೂರ್ವರೂಪವು ಪೊಟ್ಟು. ತಮಿಳಿನ ಪೊಟ್ಟು ಎಂಬ ಶಬ್ದಕ್ಕೂ ಧಾನ್ಯದ ಸಿಪ್ಪೆ ಎಂಬ ಅರ್ಥವಿದೆ. ಮರಾಠಿಯಲ್ಲಿ ತೌಡಿಗೂ ಈ ವ್ಯಾಧಿಗೂ ಕೋಂಡಾ ಎಂಬ ಒಂದೇ ಮಾತು ಸಲ್ಲುತ್ತದೆ. ಪಶ್ಚಿಮದೇಶಗಳ ಪ್ರಾಚೀನಭಾಷೆಗಳಲ್ಲಿಯೂ ಇದೇ ಉಪಮಾನವು ಕಂಡುಬರುವುದು ವಿಶೇಷವಾಗಿದೆ. ಗ್ರೀಕಿನಲ್ಲಿ ಪಿಟ್ಯುರಾನ್ ಎಂದರೆ ತೌಡು. ಅದರಿಂದ ಹುಟ್ಟಿದ ಪಿಟಿರಿಯಾಸಿಸ್ ಎಂಬುದು ಚಕ್ಕೆಯುದುರುವ ಚರ್ಮರೋಗಗಳ ಹೆಸರಾಗಿ ಇಂದಿಗೂ ವೈದ್ಯಶಾಸ್ತ್ರದಲ್ಲಿ ಉಳಿದಿದೆ. ಲ್ಯಾಟಿನ್ನಿನಲ್ಲಿ ಫರ್ಫರ್ ಎಂದರೂ ತೌಡೇ. ಪರಸ್ಪರ ಸಂಬಂಧವಿಲ್ಲದ ಜನಾಂಗಗಳು ಒಂದೇ ನೋಟವನ್ನು ಕಂಡು ಒಂದೇ ಹೋಲಿಕೆಯನ್ನು ಮಾಡಿದುವೆಂದು ಇದರಿಂದ ವಿದಿತವಾಗುತ್ತದೆ.

ಸಂಸ್ಕೃತದ ದಾರುಣಕ ಎಂಬ ಹೆಸರು ಬೇರೊಂದು ದೃಷ್ಟಿಯಿಂದ ಹುಟ್ಟಿದುದು. ದಾರುಣವೆಂದರೆ ಇಲ್ಲಿ ಕಠಿನವಾದುದು, ಒರಟಾದುದು. ದೇಶಭಾಷೆಗಳ ಹೆಸರು ಉದುರಿದ ವಸ್ತುವನ್ನು ನೋಡಿ ಬಂದಿದ್ದರೆ, ಶಾಸ್ತ್ರದ ಹೆಸರು ಅದು ಉದುರುವ ನೆಲವನ್ನು, ಎಂದರೆ ಕೇಶಭೂಮಿಯನ್ನು, ನೋಡಿ ಬಂದಿದೆ. ಎರಡರಲ್ಲಿಯೂ ಒಣಗಿದುದು, ಸತ್ವವಿಲ್ಲದುದು ಎಂಬ ಭಾವನೆಯು ಸಮಾನವಾಗಿದೆ. ಒಣಗಿದ ವಸ್ತುವಿಗೆ ಜಿಡ್ಡೇ ಮದ್ದೆಂಬುದು ಲೋಕದ ಸಹಜವಾದ ತರ್ಕ. ತಲೆಯಲ್ಲಿ ಹೊಟ್ಟು ಕಂಡೊಡನೆ ಎಣ್ಣೆಯ ಬಟ್ಟಲಿಗೆ ಕೈಹೋಗುವುದಕ್ಕೆ ಇದೇ ಕಾರಣ. ಈ ತರ್ಕವು ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪುತ್ತದೆ ಎಂಬುದೇ ಪ್ರಕೃತ ವಿಚಾರದ ವಿಷಯ.

2. ಪ್ರಾಚೀನಗ್ರಂಥಗಳ ಅಭಿಪ್ರಾಯ

ಈ ವಿಚಾರಕ್ಕೆ ಮೈಸೂರು ತಕ್ಕ ಸ್ಥಳವಾಗಿದೆ. 1891ರಲ್ಲಿ ಸ್ಥಾಪಿತವಾಗಿ ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಹೆಸರಾಗಿರುವ ಓಲೆಗರಿಗಳ ಭಂಡಾರವು ಇಲ್ಲಿದೆ. ಆಯುರ್ವೇದದ ವ್ಯವಸ್ಥಿತವಾದ ಪಾಠಶಾಲೆಯು 1908ರಲ್ಲಿ ಇಲ್ಲಿ ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ತೊಡಗಿದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಈ ನಗರಕ್ಕೆ ಬಂದಿತು. ಹೀಗೆ ಎರಡು ವೈದ್ಯಪರಂಪರೆಗಳೂ ಇಲ್ಲಿ ಬಹುಕಾಲದಿಂದ ನೆರೆಹೊರೆಯಲ್ಲಿವೆ. ಒಂದರ ಮಾತನ್ನು ಮತ್ತೊಂದರ ಬೆಳಕಿನಲ್ಲಿ ನೋಡುವುದು ಅಸಾಧ್ಯವಲ್ಲ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ದಾರುಣಕವು ಕ್ಷುದ್ರರೋಗಗಳ ಗುಂಪಿನಲ್ಲಿ ಗಣಿತವಾಗಿದೆ. ಕೇಶಭೂಮಿಯು ಕಠಿನವಾಗಿ, ತುರಿಕೆಯಿಂದ ಕೂಡಿ, ರೂಕ್ಷವಾಗಿ ಬಿರಿಯುವುದು ಇದರ ಲಕ್ಷಣ. ಕಫವಾತಗಳ ಪ್ರಕೋಪವು ಇದರ ಕಾರಣ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಇದನ್ನು ಕಪಾಲಗತವಾದ ವ್ಯಾಧಿಗಳಲ್ಲಿ ಸೇರಿಸಿದ್ದಾನೆ. ರೂಕ್ಷತೆ ಮತ್ತು ಬಿರುಕು ವಾತದ ಚಿಹ್ನೆಗಳಾದರೆ ತುರಿಕೆಯು ಕಫದ ಚಿಹ್ನೆ. ಕಫವು ಸ್ವಭಾವತಃ ಸ್ನಿಗ್ಧವಾದುದು. ಆದುದರಿಂದ ಈ ವ್ಯಾಧಿಯನ್ನು ಕೇವಲ ಶುಷ್ಕತೆಯೆಂದು ಪ್ರಾಚೀನರು ಭಾವಿಸಲಿಲ್ಲವೆಂಬುದು ಗಮನಾರ್ಹವಾಗಿದೆ.

ಚಿಕಿತ್ಸೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸುಶ್ರುತನು ಸ್ನೇಹನ, ಸ್ವೇದನ, ಶಿರೋಬಸ್ತಿ, ಅಭ್ಯಂಗಗಳನ್ನು ಹೇಳಿ ಅಷ್ಟಕ್ಕೇ ನಿಲ್ಲಿಸಿಲ್ಲ. ಕೋದ್ರವದ, ಎಂದರೆ ಹಾರಕದ, ಹುಲ್ಲನ್ನು ಸುಟ್ಟ ಬೂದಿಯ ಕ್ಷಾರಜಲದಿಂದ ತಲೆಯನ್ನು ತೊಳೆಯಬೇಕೆಂದೂ ವಿಧಿಸಿದ್ದಾನೆ. ಕ್ಷಾರವು ಜಿಡ್ಡನ್ನು ಕತ್ತರಿಸುವ ವಸ್ತು. ಎಣ್ಣೆಯನ್ನು ಹಚ್ಚುವುದೂ ಅದನ್ನು ತೆಗೆಯುವುದೂ ಒಂದೇ ಚಿಕಿತ್ಸೆಯ ಎರಡು ಅಂಗಗಳಾಗಿದ್ದುವು. ವ್ಯಾಧಿಯಿಲ್ಲದವರ ನಿತ್ಯವಿಧಿಯಲ್ಲಿಯೂ ಈ ಕ್ರಮವೇ ಇದ್ದಿತು. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಸ್ನಾನಭೋಗ ಪ್ರಕರಣದಲ್ಲಿ ತೈಲಾಭ್ಯಂಗದ ಬಳಿಕ ಎಣ್ಣೆಯನ್ನು ನೀಗಿಸುವ ಲೇಪನವೂ ಸ್ನಾನವೂ ಉಕ್ತವಾಗಿವೆ.

3. ಆಧುನಿಕ ವಿಜ್ಞಾನದ ನಿರ್ಣಯ

ಪ್ರಾಚೀನರು ದೋಷಗಳ ಭಾಷೆಯಲ್ಲಿ ಹೇಳಿದ ಈ ವ್ಯಾಧಿಯನ್ನು ಪಾಶ್ಚಾತ್ಯವೈದ್ಯರು 19ನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. 1874ರಲ್ಲಿ ಫ್ರಾನ್ಸ್ ದೇಶದ ಲೂಯಿ ಮಲಾಸೇ ಎಂಬ ವಿದ್ವಾಂಸನು ನೆತ್ತಿಯ ಚಕ್ಕೆಗಳಲ್ಲಿ ಯೀಸ್ಟ್ ಜಾತಿಯ ಸೂಕ್ಷ್ಮವಾದ ಶಿಲೀಂಧ್ರವನ್ನು ವರ್ಣಿಸಿದನು. 1889ರಲ್ಲಿ ಆ ಕುಲಕ್ಕೆ ಮಲಾಸೇಜಿಯ ಎಂಬ ಹೆಸರು ಬಂದಿತು. ಅದರ ಒಂದು ಪ್ರಭೇದಕ್ಕೆ ಇಂದಿಗೂ ಫರ್ಫರ್ ಎಂಬ ವಿಶೇಷಣವಿದೆ. ಹಳ್ಳಿಯ ಒಕ್ಕಲಿತಿಯೂ ಜೀವಶಾಸ್ತ್ರಜ್ಞನೂ ಹೀಗೆ ಒಂದೇ ಉಪಮೆಯಲ್ಲಿ ಸೇರಿದಂತಾಗಿದೆ.

ಈ ಜೀವಿಯು ರೋಗಿಯ ತಲೆಯಲ್ಲಿ ಮಾತ್ರ ಇರುವುದಲ್ಲ. ಪ್ರಾಯಶಃ ಎಲ್ಲ ವಯಸ್ಕರ ಚರ್ಮದ ಮೇಲೆಯೂ ನೆಲೆಸಿರುತ್ತದೆ. ಹಾಗಿರಲು ಇದು ಹೇಗೆ ಕಾರಣವಾಗುತ್ತದೆಂಬ ಸಂಶಯವು ಬಹುಕಾಲ ಉಳಿದಿತ್ತು. ಕಾರಣವೇ ಅಲ್ಲವೆಂದು ವಾದಿಸಿದವರೂ ಉಂಟು. ಈ ಶಿಲೀಂಧ್ರವನ್ನು ಅಡಗಿಸುವ ಔಷಧಗಳೆಲ್ಲ ಹೊಟ್ಟನ್ನೂ ಅಡಗಿಸುವುದು ಕಂಡುಬಂದ ಮೇಲೆ, 1980ರ ದಶಕದಿಂದೀಚೆಗೆ, ಮೊದಲಿನ ಮತವೇ ಮತ್ತೆ ಬಲಗೊಂಡಿತು. ಇದರ ವ್ಯಾಪಾರವು ಈಗ ತಿಳಿದುಬಂದಿದೆ. ಚರ್ಮದ ಮೇದೋಗ್ರಂಥಿಗಳು ಸ್ರವಿಸುವ ಜಿಡ್ಡೇ ಇದರ ಆಹಾರ. ಲೈಪೇಸ್ ಎಂಬ ಕಿಣ್ವಗಳಿಂದ ಆ ಜಿಡ್ಡನ್ನು ಒಡೆದು ತನಗೆ ಬೇಕಾದ ಮೇದಾಮ್ಲಗಳನ್ನು ಹೀರಿಕೊಂಡು, ಓಲಿಯಿಕ್ ಆಮ್ಲವೇ ಮೊದಲಾದುವನ್ನು ಚರ್ಮದ ಮೇಲೆ ಬಿಡುತ್ತದೆ. ಕೆಲವರ ಚರ್ಮವು ಇದನ್ನು ಸಹಿಸುತ್ತದೆ, ಕೆಲವರದು ಸಹಿಸದು. ಸಹಿಸದ ಚರ್ಮದಲ್ಲಿ ತುರಿಕೆ ಹುಟ್ಟುತ್ತದೆ. ಸುಮಾರು 4 ವಾರಗಳಲ್ಲಿ ಕ್ರಮವಾಗಿ ಬೆಳೆದು ಕಣ್ಣಿಗೆ ಕಾಣದಂತೆ ಕಳಚಬೇಕಾದ ಜೀವಕೋಶಗಳು ಅವಸರದಿಂದ ಮೇಲೆ ಬಂದು, ಒಂದಕ್ಕೊಂದು ಅಂಟಿಕೊಂಡು, ಚಕ್ಕೆಗಳಾಗಿ ಉದುರುತ್ತವೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶಿಲೀಂಧ್ರವನ್ನು ತೆಗೆದುಹಾಕಿದ ನೆತ್ತಿಗೆ ಓಲಿಯಿಕ್ ಆಮ್ಲವನ್ನು ಮಾತ್ರ ಹಚ್ಚಿದಾಗ, ಹೊಟ್ಟಿನ ಪ್ರಕೃತಿಯುಳ್ಳವರಲ್ಲಿ ಚಕ್ಕೆಗಳು ಎದ್ದುವು, ಉಳಿದವರಲ್ಲಿ ಏಳಲಿಲ್ಲ. 2007ರಲ್ಲಿ ಈ ಕುಲದ ಗ್ಲೋಬೋಸ ಎಂಬ ಪ್ರಭೇದದ ಆನುವಂಶಿಕ ಬರೆಹವನ್ನು ಪೂರ್ಣವಾಗಿ ಓದಿದಾಗ, ಮೇದಾಮ್ಲವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿಯು ಅದಕ್ಕಿಲ್ಲವೆಂದು ಗೊತ್ತಾಯಿತು. ಅದು ಪರರ ಜಿಡ್ಡಿನಿಂದಲೇ ಬದುಕಬೇಕು.

ಈ ವಿವರಣೆಯಿಂದ ಅನೇಕ ಸಂಗತಿಗಳು ಹೊಂದಿಕೊಳ್ಳುತ್ತವೆ. ಜಿಡ್ಡಿನ ಸ್ರಾವವು ಹೆಚ್ಚುವ ಯೌವನಾರಂಭದಲ್ಲಿ ಹೊಟ್ಟು ತೊಡಗುತ್ತದೆ, 50 ವರ್ಷ ದಾಟಿದ ಮೇಲೆ ಸಾಮಾನ್ಯವಾಗಿ ತಗ್ಗುತ್ತದೆ, ಗಂಡಸರಲ್ಲಿ ಅಧಿಕವಾಗಿರುತ್ತದೆ. ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎಂದಾದರೊಮ್ಮೆ ಇದು ಬರುವುದೆಂದು ಗಣನೆಯಿದೆ. ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ. ಕೊಳೆಯಿಂದ ಹುಟ್ಟುವುದೂ ಅಲ್ಲ.

4. ಎಣ್ಣೆನೀರು ಎಂಬ ದ್ವಂದ್ವ

ಇಲ್ಲಿಂದ ಮೈಸೂರಿನ ಮನೆಗಳ ರೂಢಿಯ ಕಡೆಗೆ ತಿರುಗಬಹುದು. ಪ್ರಯೋಗಶಾಲೆಯಲ್ಲಿ ಈ ಶಿಲೀಂಧ್ರವನ್ನು ಬೆಳೆಸಬೇಕಾದರೆ ಪೋಷಕದ್ರವ್ಯದ ಮೇಲೆ ಆಲಿವ್ ಎಣ್ಣೆಯನ್ನು ಸುರಿಯುವುದು ಒಂದು ಪದ್ಧತಿ. ಆಲಿವ್ ಎಣ್ಣೆಯಲ್ಲಿ ಮುಖ್ಯವಾದ ಓಲಿಯಿಕ್ ಆಮ್ಲವು ಎಳ್ಳೆಣ್ಣೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲಿದೆ. ಹೊಟ್ಟಿರುವ ತಲೆಗೆ ಎಣ್ಣೆಯನ್ನು ಹಚ್ಚಿ, ರಾತ್ರಿಯೆಲ್ಲ ಬಿಟ್ಟು, ಮರುದಿನವೂ ತೊಳೆಯದೆ ಬಾಚಿ ಹೊರಡುವವರು ವ್ಯಾಧಿಗೆ ಉಣಿಸಿಟ್ಟಂತಾಗುತ್ತದೆ. ಚಕ್ಕೆಗಳು ಎಣ್ಣೆಯಲ್ಲಿ ನೆನೆದು ಕೂದಲಿಗೆ ಅಂಟಿಕೊಂಡು ಕೆಲವು ಗಂಟೆಗಳ ಕಾಲ ಕಾಣದಿರುವುದರಿಂದ ಗುಣವಾಯಿತೆಂಬ ಭ್ರಾಂತಿಯೂ ಉಂಟಾಗುತ್ತದೆ.

ಹಾಗೆಂದು ಹಿರಿಯರ ಆಚಾರವನ್ನು ದೂಷಿಸುವುದು ಯುಕ್ತವಲ್ಲ. ಹಳೆಯ ಮೈಸೂರಿನ ಸೀಮೆಯಲ್ಲಿ ಯುಗಾದಿ, ನರಕಚತುರ್ದಶಿಗಳಲ್ಲಿಯೂ ವಾರದ ಗೊತ್ತಾದ ದಿನದಲ್ಲಿಯೂ ನಡೆಯುತ್ತಿದ್ದುದು ಎಣ್ಣೆನೀರು. ಇದು ಉಭಯಪದಾರ್ಥಪ್ರಧಾನವಾದ ದ್ವಂದ್ವಸಮಾಸ. ಎಣ್ಣೆಯೂ ಬೇಕು, ನೀರೂ ಬೇಕು. ಹರಳೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ನೆತ್ತಿಗೆ ತಟ್ಟಿ, ಸ್ವಲ್ಪ ಹೊತ್ತು ನೆನೆಯಬಿಟ್ಟು, ಹಂಡೆಯ ಬಿಸಿನೀರನ್ನು ಹುಯ್ದು, ಸೀಗೆಪುಡಿಯಿಂದಲೋ ಚಿಗರೆಪುಡಿಯಿಂದಲೋ ಅಂಟುವಾಳದಿಂದಲೋ ಜಿಡ್ಡು ಹೋಗುವವರೆಗೆ ಉಜ್ಜಿ ತೊಳೆಯುವುದು ಅದರ ಕ್ರಮ. ಸೀಗೆ ಅಂಟುವಾಳಗಳಲ್ಲಿ ಸಪೋನಿನ್ ಎಂಬ ನೊರೆಯ ದ್ರವ್ಯಗಳಿದ್ದು, ಅವು ಜಿಡ್ಡನ್ನು ನೀರಿನಲ್ಲಿ ಬೆರೆಸಿ ಸಾಗಿಸುತ್ತವೆ. ಎಣ್ಣೆಯು ಚಕ್ಕೆಯನ್ನು ನೆನೆಸಿ ಸಡಿಲಿಸಿದರೆ, ಸೀಗೆಯು ಎಣ್ಣೆಯನ್ನೂ ಚಕ್ಕೆಯನ್ನೂ ಶಿಲೀಂಧ್ರದ ಆಹಾರವಾದ ಹಳೆಯ ಜಿಡ್ಡನ್ನೂ ಒಟ್ಟಿಗೆ ಕೊಂಡೊಯ್ಯುತ್ತಿತ್ತು. ಸುಶ್ರುತನ ಅಭ್ಯಂಗಕ್ಕೆ ಕ್ಷಾರಜಲವು ಹೇಗೋ, ಮೈಸೂರಿನ ಹರಳೆಣ್ಣೆಗೆ ಸೀಗೆಪುಡಿಯು ಹಾಗೆ. ನೀರನ್ನು ಬಿಟ್ಟು ಎಣ್ಣೆಯೊಂದನ್ನೇ ಉಳಿಸಿಕೊಂಡ ಇಂದಿನ ಅಭ್ಯಾಸವು ಆಚಾರದ ಪಾಲನೆಯಲ್ಲ, ಅದರ ಖಂಡನ.

ಶಾಂಪೂ ಎಂಬ ಮಾತಿನ ಚರಿತ್ರೆಯು ಇದಕ್ಕೆ ವಿಪರ್ಯಾಸವಾಗಿದೆ. ಒತ್ತು, ಅಮುಕು ಎಂಬರ್ಥದ ಹಿಂದಿಯ ಚಾಂಪೋ ಎಂಬ ಕ್ರಿಯಾಪದದಿಂದ ಅದು 18ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಹೋಯಿತು. 19ನೆಯ ಶತಮಾನದ ಆದಿಯಲ್ಲಿ ಪಟ್ನಾದ ಶೇಖ್ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆಸಿದ ಸ್ನಾನಗೃಹದಲ್ಲಿ ಶಾಂಪೂ ಎಂದರೆ ಅಂಗಮರ್ದನವೆಂದೇ ಅರ್ಥ. ಮರ್ದನವು ಮರೆತು ತೊಳೆಯುವುದು ಉಳಿದು, ಆ ಶಬ್ದವು ತಲೆತೊಳೆಯುವ ದ್ರವ್ಯದ ಹೆಸರಾಗಿ ಭಾರತಕ್ಕೆ ಮರಳಿತು. ಅಲ್ಲಿ ಒಂದರ್ಧ ಉಳಿದಿದ್ದರೆ, ಇಲ್ಲಿ ಮತ್ತೊಂದರ್ಧ ಉಳಿದಿದೆ.

5. ಉಪಚಾರಕ್ರಮ

ಹೊಟ್ಟಿನ ಪ್ರಕೃತಿಯನ್ನು ಬೇರುಸಹಿತ ಕೀಳುವ ಔಷಧವಿಲ್ಲ. ಅದನ್ನು ಅಂಕೆಯಲ್ಲಿಡುವುದು ಸುಲಭಸಾಧ್ಯ. ಸ್ವಲ್ಪವಾಗಿದ್ದರೆ ವಾರಕ್ಕೆ 2 ಅಥವಾ 3 ಬಾರಿ ಸೌಮ್ಯವಾದ ಶಾಂಪೂವಿನಿಂದಲೋ ಸೀಗೆಯಿಂದಲೋ ತಲೆಯನ್ನು ಚೆನ್ನಾಗಿ ತೊಳೆಯುವುದೇ ಸಾಕಾಗಬಹುದು. ಅದರಿಂದ ತಗ್ಗದಿದ್ದರೆ ಶಿಲೀಂಧ್ರವನ್ನು ಅಡಗಿಸುವ ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಅಥವಾ ಕೀಟೋಕೊನಜೋಲ್ ಇರುವ ಶಾಂಪೂಗಳು ಬೇಕು. ಸೀಗೆಯು ಶುದ್ಧಿಕಾರಕವೇ ಹೊರತು ಇವುಗಳಿಗೆ ಸಮನಾದ ಔಷಧವಲ್ಲ. ಶೇಕಡ 2ರ ಕೀಟೋಕೊನಜೋಲನ್ನು ವಾರಕ್ಕೆ 2 ಬಾರಿಯಂತೆ 2ರಿಂದ 4 ವಾರ ಬಳಸಿ, ಬಳಿಕ ವಾರಕ್ಕೋ ಪಕ್ಷಕ್ಕೋ ಒಮ್ಮೆ ಬಳಸುವುದು ರೂಢಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಹಚ್ಚಿದೊಡನೆ ತೊಳೆದುಬಿಡುವುದು. ನೊರೆಯು ಕೂದಲಿಗಲ್ಲದೆ ನೆತ್ತಿಯ ಚರ್ಮಕ್ಕೆ ತಾಗಿ 3ರಿಂದ 5 ನಿಮಿಷ ನಿಲ್ಲಬೇಕು. ದಪ್ಪವಾಗಿ ಕಟ್ಟಿದ ಚಕ್ಕೆಗಳನ್ನು ಸಡಿಲಿಸಲು ಸ್ಯಾಲಿಸಿಲಿಕ್ ಆಮ್ಲವುಳ್ಳ ದ್ರವ್ಯಗಳು ಒದಗುತ್ತವೆ. ಎಣ್ಣೆಯನ್ನು ಬಿಡಲಾರದವರು ಸ್ನಾನಕ್ಕೆ ಮುಂಚೆ ಹಚ್ಚಿ ಅದೇ ಹೊತ್ತಿನಲ್ಲಿ ಪೂರ್ತಿಯಾಗಿ ತೊಳೆಯಬೇಕು. ನಿಂಬೆಯ ರಸವನ್ನು ಕೆರೆದ ನೆತ್ತಿಗೆ ಹಚ್ಚಿದರೆ ಉರಿಯು ಹೆಚ್ಚುವುದು.

ತಲೆಯಲ್ಲಿ ಕಾಣುವ ಬಿಳುಪೆಲ್ಲ ಹೊಟ್ಟಲ್ಲ. ಕೂದಲಿಗೆ ಭದ್ರವಾಗಿ ಅಂಟಿ, ಜಾರಿಸಿದರೆ ಜಾರದಿರುವುದು ಹೇನಿನ ಸೀರು. ಚಿಕ್ಕ ಮಕ್ಕಳಲ್ಲಿ ಚಕ್ಕೆಯೊಡನೆ ಕೂದಲು ತುಂಡಾಗಿ ಉದುರಿ ಬೋಳು ಮಚ್ಚೆ ಬಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಅದು ಹರಡುವ ರೋಗ, ಹೊಟ್ಟೆಗೆ ಕೊಡುವ ಔಷಧದಿಂದಲೇ ಗುಣವಾಗಬೇಕು. ಕೂದಲಿನ ಅಂಚನ್ನು ಮೀರಿದ ಕೆಂಪು ತಳದ ದಪ್ಪ ಬೆಳ್ಳಿಚಕ್ಕೆಗಳು ಸೋರಿಯಾಸಿಸ್ಸಿನ ಸೂಚನೆ. ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂಭಾಗಗಳಿಗೆ ಹಬ್ಬಿ ಕೆಂಪಾದಾಗಲೂ, ಒಂದು ತಿಂಗಳ ಉಪಚಾರದಿಂದ ತಗ್ಗದಿದ್ದಾಗಲೂ ಚರ್ಮವೈದ್ಯರನ್ನು ಕಾಣಬೇಕು. ಅವರ ಸಲಹೆಯಿಲ್ಲದೆ ಸ್ಟೆರಾಯ್ಡ್ ಲೇಪಗಳನ್ನು ಹಚ್ಚುವುದು ಅಪಾಯಕರ. ಹುಳುಕಡ್ಡಿಯು ಅವುಗಳಿಂದ ಮರೆಯಾಗಿ ಮತ್ತಷ್ಟು ಹಬ್ಬುತ್ತದೆ.

6. ಉಪಸಂಹಾರ

ಈ ವಿಚಾರದ ಫಲವು ಬಚ್ಚಲುಮನೆಗೆ ಮಾತ್ರ ಸೀಮಿತವಲ್ಲ. ಹೊಟ್ಟು ತೊಡಗುವ ವಯಸ್ಸು ಹುಡುಗ ಹುಡುಗಿಯರು ಪ್ರೌಢಶಾಲೆಯಲ್ಲಿರುವ ವಯಸ್ಸು. ಬಣ್ಣದ ಸಮವಸ್ತ್ರದ ಹೆಗಲಿನ ಮೇಲೆ ಬಿದ್ದ ಬಿಳಿಯ ಪುಡಿಯು ಸಹಪಾಠಿಗಳ ನಗೆಗೂ ಹಿರಿಯರ ಗದರಿಕೆಗೂ ಗುರಿಯಾಗುವುದು ಅಪರೂಪವಲ್ಲ. ಕೊಳಕು ಎಂಬ ಒಂದು ಮಾತನ್ನು ಕೇಳಿದ ಮಗುವು ತಲೆಯನ್ನು ಮುಚ್ಚಿಕೊಳ್ಳುತ್ತದೆ, ಹಿಂದಿನ ಬೆಂಚಿಗೆ ಸರಿಯುತ್ತದೆ, ಚಕ್ಕೆಯನ್ನು ಅಡಗಿಸಲು ಇನ್ನಷ್ಟು ಎಣ್ಣೆಯನ್ನು ಬಳಿದುಕೊಳ್ಳುತ್ತದೆ. ಅದರಿಂದ ವ್ಯಾಧಿಯು ಬೆಳೆಯುತ್ತದೆ. ದಿನವೂ ಸ್ನಾನಮಾಡುವವರಿಗೂ ಬರುವ, ಚರ್ಮದ ಸಹನೆಯ ಭೇದದಿಂದ ಹುಟ್ಟುವ ಈ ವ್ಯಾಧಿಯಲ್ಲಿ ನಾಚಿಕೆಗೆ ಕಾರಣವಿಲ್ಲ. ಶಾಸ್ತ್ರಕಾರರು ಇದನ್ನು ರೋಗಗಳ ಸಾಲಿನಲ್ಲಿ ಇಟ್ಟರು. ದೋಷಗಳನ್ನು ಹೇಳಿ ಚಿಕಿತ್ಸೆಯನ್ನು ವಿಧಿಸಿದರು. ಶಬ್ದಗಳ ಅರ್ಥವನ್ನು ತಿದ್ದಿಕೊಡುವುದು ಭಾಷೆಯ ಉಪಾಧ್ಯಾಯರ ಕಾರ್ಯವಾಗಿರುವುದರಿಂದ, ಹೊಟ್ಟು ಎಂದರೆ ಕೊಳೆಯಲ್ಲವೆಂಬುದನ್ನೂ, ಎಣ್ಣೆನೀರು ಎಂಬ ಸಮಾಸದಲ್ಲಿ ಉತ್ತರಪದವೂ ಪ್ರಧಾನವೆಂಬುದನ್ನೂ ತರಗತಿಯಲ್ಲಿ ಒಮ್ಮೆ ವಿವರಿಸಿದರೆ ಅನೇಕ ಮಕ್ಕಳಿಗೆ ಉಪಕಾರವಾಗುವುದು.